ಹೊನಗೊನ್ನೆ ಸೊಪ್ಪಿನ ಬೆಳಕು

ಆ ಭಾನುವಾರ ನನಗೆ ರಜೆ. ಆಯುಧಪೂಜೆ ಮುಗಿದು ಒಂದು ವಾರವಾಗಿತ್ತು. ಬೆಳಿಗ್ಗೆಯೇ ಹಾಸನ ಬಿಟ್ಟು ಹಳೇಕೋಟೆಯ ನಮ್ಮ ಮನೆಗೆ ಹೋಗಿದ್ದೆ. ಅಣ್ಣ ರಾಗಿ ಹೊಲದ ಕಡೆ ಹೋಗಿದ್ದ, ಅತ್ತಿಗೆ ಡೈರಿಗೆ ಹಾಲು ಹಾಕಲು ಹೋಗಿದ್ದರು. ಅವ್ವ ಕಾಲುವೆ ಏರಿಯಿಂದ ಮಡಿಲು ತುಂಬ ಹೊನಗೊನ್ನೆ ಸೊಪ್ಪು ಕಿತ್ತು ತಂದು ಹಿತ್ತಲ ತೊಟ್ಟಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ತೊಳೆಯುತ್ತಿದ್ದಳು. ಮೊದಲನೇ ನೀರಿನಲ್ಲಿ ಮಣ್ಣು ಹೋಯಿತು. ಎರಡನೆಯದರಲ್ಲಿ ಕಸಕಡ್ಡಿ, ಪುಟ್ಟ ಪುಟ್ಟ ಬಸವನಹುಳು. ಮೂರನೇ ನೀರಿಗೆ ಒಂದು ಹಿಡಿ ಕಲ್ಲುಪ್ಪು, ಒಂದು ಚಮಚ ಅರಿಶಿನ ಹಾಕಿ ಸೊಪ್ಪನ್ನು ಅದರಲ್ಲಿ ಅದ್ದಿ ಇಟ್ಟಳು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಕಾಲುವೆ ಸೊಪ್ಪು ಹಾಗೇ ಒಲೆಗೆ ಹೋಗುವುದು. ಕಣ್ಣಿಟ್ಟು ನೋಡುವಂಥದ್ದೇನೂ ಅದರಲ್ಲಿ ಇರಲಿಲ್ಲ. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ.

"ಅದೇನ್ಲಾ ಮಂಜ, ಆ ಹುಡ್ಗಿ ಸೊಪ್ಪು ಬೇಯ್ಸಿ ಪಾಸ್ ಮಾಡ್ತಾಳಂತೆ?" ಎಂದು ಅವ್ವ ಕೇಳಿದಳು.

"ಬೇಯ್ಸಿ ಅದ್ರಲ್ಲಿ ಬೆಳಕು ತೆಗೀತಾಳೆ ಕಣವ್ವ."

"ಕರೆಂಟಾ?"

"ಕರೆಂಟಲ್ಲ. ಒಂದ್ ತರ ದೀಪ ಬಿಟ್ರೆ ಆ ನೀರು ಹೊಳೀತದೆ. ಬೋರ್ ನೀರಲ್ಲಿ ಕಬ್ಬಿಣ ಐತಾ ಅಂತ ಅದ್ರಲ್ಲಿ ನೋಡ್ಬೋದು."

"ನಮ್ ಬೋರಲ್ಲಿ ಐತೆ ಅಂತ ಬಿಂದ್ಗೆ ತಳ ನೋಡುದ್ರೇ ಗೊತ್ತಾಯ್ತದೆ. ಅದುಕ್ಕೆ ಸೊಪ್ಯಾಕ್ಲಾ ಬೇಕು?"

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಸುಮ್ಮನೆ ಸೊಪ್ಪು ಮಗುಚಿ ಹಾಕುತ್ತ, ಸೊಪ್ಪನ್ನು ಎಲ್ಲಿಂದ ತರುತ್ತಾಳೆ ಎಂದು ಕೇಳಿದಳು. ಹಾಸನದ ಮಾರ್ಕೆಟ್ಟಿನಿಂದ, ಒಂದೊಂದು ಕಟ್ಟು ಒಂದೊಂದು ಊರಿನದು, ಅದಕ್ಕೇ ಬೆಳಕು ಒಂದು ದಿನ ಬಂದ ಹಾಗೆ ಇನ್ನೊಂದು ದಿನ ಬರುವುದಿಲ್ಲವಂತೆ ಎಂದು ಹೇಳಿದೆ.

"ಮಾರ್ಕೆಟ್ ಸೊಪ್ಪು ಮೋರಿ ಸೊಪ್ಪು ಕಣ್ಲಾ. ಇದ್ನೇ ತಗಂಡೋಗು. ನೆಳ್ಳಲ್ಲಿ ಒಣಗಾಕಿ ಕೊಡ್ತೀನಿ. ಬೇಕಾದಾಗೆಲ್ಲ ಬಸ್ಸಿಗೆ ಹಾಕುಸ್ತೀನಿ."

ನನ್ನ ಹೆಂಡತಿಗೆ ಅವ್ವ ಏನನ್ನಾದರೂ ಕೊಡುತ್ತೇನೆಂದು ಹೇಳಿದ್ದು ಏಳು ವರ್ಷದಲ್ಲಿ ಅದೇ ಮೊದಲು.

ಇದನ್ನೆಲ್ಲ ಈಗ ಬರೆಯಲು ಕಾರಣ, ಹೋದ ವಾರ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಹೊನಗೊನ್ನೆ ಸೊಪ್ಪಿನ ಗಂಟನ್ನು ನನ್ನ ಬಸ್ಸಿನ ಮುಂದಿನ ಬಾಗಿಲ ಹತ್ತಿರ ಇಟ್ಟು ಕೂತದ್ದು. ಹಸಿ ಸೊಪ್ಪು, ಆಗಷ್ಟೇ ಕಿತ್ತದ್ದು, ಕಾಲುವೆಯ ಕೆಸರಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಾಸನ ಬರುವವರೆಗೂ ಆ ವಾಸನೆ ಬಸ್ಸಿನಲ್ಲಿ ಇತ್ತು. ನಾನು ಟಿಕೆಟ್ ಕೊಡುತ್ತಲೇ ಇದ್ದೆ. ಇಳಿದ ಮೇಲೆ ಡ್ರೈವರ್ ರಂಗಣ್ಣ, "ಇವತ್ತು ಮೂರ್ ಸ್ಟಾಪಲ್ಲಿ ರೈಟ್ ಹೇಳ್ನೇ ಇಲ್ಲ ನೀನು" ಎಂದ.

ನನ್ನ ಹೆಂಡತಿ ಸುಜಾತ ಹೊಳೆನರಸೀಪುರದವಳು. ಅವರ ನಡುಮನೆಯಲ್ಲಿ ಬುದ್ಧನ ಪಟವಿತ್ತು. ನಮ್ಮ ಮನೆಯಲ್ಲಿ ಊರ ಯಜಮಾನಿಕೆಯ ನೆನಪಿತ್ತು. ಎರಡು ಕಡೆಯವರೂ ಬೇಡವೆಂದ ಮದುವೆ ನಮ್ಮದು. ಅವರ ಕಡೆಯವರು ಎರಡು ವರ್ಷಕ್ಕೆ ಸರಿಹೋದರು. ಹಳೇಕೋಟೆಗೆ ಬಂದರೆ ಮಾತ್ರ ಅವಳಿಗೆ ಜಗಲಿಯಲ್ಲಿ ಕುರ್ಚಿ ಹಾಕುತ್ತಿದ್ದರು. ಕಾಫಿ ಕೊಡುತ್ತಿದ್ದರು. ಯಾರೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ, ಒಳಗೆ ಬಾ ಎಂದೂ ಹೇಳುತ್ತಿರಲಿಲ್ಲ. ಅವಳು ಲೋಟವನ್ನು ತಾನೇ ತೊಳೆದು ಜಗಲಿಯ ಅಂಚಿನಲ್ಲಿ ಬೋರಲು ಇಟ್ಟು ಬರುತ್ತಿದ್ದಳು. ಆಮೇಲೆ ಬರುವುದನ್ನೇ ಕಡಿಮೆ ಮಾಡಿದಳು. ನಾನು ಜಗಳ ಆಡಲಿಲ್ಲ. ಜಗಳ ಆಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ.

ಅವಳು ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಜೊತೆಗೆ ಹಾಸನದಲ್ಲಿ ಒಬ್ಬ ಮೇಡಂ ಕೈಕೆಳಗೆ ಪಿಎಚ್‌ಡಿಗೆ ಸೇರಿದ್ದಳು. ನೋಂದಣಿಯ ಅವಧಿ ಮುಗಿಯಲು ಆಗ ಸುಮಾರು ಒಂದು ವರ್ಷ ಉಳಿದಿತ್ತು. ಅಷ್ಟರೊಳಗೆ ಪ್ರಬಂಧ ಕೊಟ್ಟರೆ ಕಾಯಂ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು, ಇಲ್ಲವಾದರೆ ಅಷ್ಟೂ ವರ್ಷದ ಓಡಾಟ ಬರಿಗೈ. ನಾನು ಪಿಯುಸಿ ಓದಿದವನು, ಅದೂ ಕಾಮರ್ಸ್. ಅವಳ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಣಗಿದ ಎಲೆಯನ್ನು ಪುಡಿ ಮಾಡಿ, ಶುದ್ಧ ನೀರಿನ ಜೊತೆ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಓವನ್ನಿನಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಎಲೆಯಲ್ಲಿರುವ ಇಂಗಾಲ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ಉಳಿಯುತ್ತದೆ. ಸೋಸಿದರೆ ಕಷಾಯದ ಬಣ್ಣದ ನೀರು. ಅದರ ಮೇಲೆ ನೇರಳೆ ದೀಪ ಬಿಟ್ಟರೆ ಹೊಳೆಯುತ್ತದೆ. ಕಬ್ಬಿಣವಿರುವ ನೀರಿನ ಹನಿ ಬಿದ್ದರೆ ಹೊಳಪು ಕುಂದುತ್ತದೆ. ಎಷ್ಟು ಕುಂದಿತು ಎಂಬುದರಿಂದ ಎಷ್ಟು ಕಬ್ಬಿಣ ಎಂದು ತಿಳಿಯಬಹುದು. ಅದೇ ಕಣಗಳನ್ನು ಜೀವಕೋಶದೊಳಗೆ ಬಿಟ್ಟರೆ ಕೋಶವೂ ಹೊಳೆದು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುತ್ತದಂತೆ. ದುಬಾರಿ ರಾಸಾಯನಿಕವಿಲ್ಲದೆ, ಊರ ಸೊಪ್ಪಿನಿಂದಲೇ ಇದು ಆಗಬೇಕು ಎಂಬುದು ಅವಳ ಆಸೆ.

ಅವ್ವ ಕೊಟ್ಟ ಮೊದಲ ಚೀಲವನ್ನು ನಾನೇ ತಂದು ಕೊಟ್ಟೆ. ಹೇಗೆ ತೊಳೆದರು ಎಂದು ಸುಜಾತ ಕೇಳಿದಳು. "ಮೂರ್ ನೀರಲ್ಲಿ ತೊಳೆದವ್ಳೆ, ನಾನೇ ನೋಡ್ದೆ" ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಗ ನಾನು ಹೇಳಿದ್ದರಲ್ಲಿ ಕಪಟವಿರಲಿಲ್ಲ. ಅರಿಶಿನ ನನ್ನ ತಲೆಗೇ ಬರಲಿಲ್ಲ. ಉಪ್ಪು, ಅರಿಶಿನ ಹಾಕುವುದು ತೊಳೆಯುವುದರಲ್ಲೇ ಸೇರಿದ್ದು ನಮಗೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಫೋನ್ ಮಾಡಿದಳು. ನಾನು ಅರಕಲಗೂಡಿನಲ್ಲಿದ್ದೆ, ಬಸ್ಸು ಹೊರಡುವುದರಲ್ಲಿತ್ತು.

"ರೀ, ಬಂತು" ಎಂದಳು.

"ಏನ್ ಬಂತು?"

"ಬೆಳಕು. ಹಸಿರು. ಮೇಡಮ್ಮೇ ಬಂದು ನೋಡಿ ಇನ್ನೊಂದ್ಸಲ ತೋರ್ಸು ಅಂದ್ರು."

ಅದುವರೆಗೆ ಮಾರ್ಕೆಟ್ ಸೊಪ್ಪಿನಲ್ಲಿ ಮಂಕಾದ ನೀಲಿ ಮಾತ್ರ ಬರುತ್ತಿತ್ತಂತೆ. ಅವ್ವನ ಸೊಪ್ಪಿನಲ್ಲಿ ಬಂದದ್ದು ಹಳದಿ ಬೆರೆತ ಹಸಿರು. ಮನೆಯಲ್ಲಿ ನನಗೂ ತೋರಿಸಿದಳು. ನಾನು ಕಳ್ಳ ನೋಟು ನೋಡಲು ಇಟ್ಟುಕೊಂಡಿದ್ದ ಚಿಕ್ಕ ನೇರಳೆ ಟಾರ್ಚು ಇತ್ತು. ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ಹಳೆಯ ಕೊಡೆಯ ಕಪ್ಪು ಬಟ್ಟೆ ಹೊಲಿದು, ಒಳಗೆ ಗಾಜಿನ ಸೀಸೆ ಇಟ್ಟು, ಟಾರ್ಚು ಬಿಟ್ಟಳು. ಬಟ್ಟೆಯೊಳಗೆ ತಲೆ ತೂರಿಸಿ ನೋಡಿದೆ. ನಿಂಬೆಹಣ್ಣಿನ ಸಿಪ್ಪೆಯ ಬಣ್ಣ. ಕಬ್ಬಿಣದ ಒಂದು ಹನಿ ಬಿಟ್ಟಳು, ಬೆಳಕು ಮೆಲ್ಲಗೆ ಇಳಿಯಿತು. ಹೊರಗೆ ತಲೆ ತೆಗೆದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕಿತ್ತು. "ಚೆನ್ನಾಗೈತೆ" ಎಂದೆ.

ಆಮೇಲಿನ ನಾಲ್ಕು ತಿಂಗಳನ್ನು ನಾನು ಒಳ್ಳೆಯ ಕಾಲವೆಂದೇ ಅಂದುಕೊಂಡಿದ್ದೆ. ಪ್ರತಿ ವಾರ ಹಳೇಕೋಟೆ ಕಡೆಯ ಬಸ್ಸಿನಲ್ಲಿ ಸೊಪ್ಪಿನ ಚೀಲ ಹೊಳೆನರಸೀಪುರಕ್ಕೆ ಬರುತ್ತಿತ್ತು, ಅಲ್ಲಿ ನಾನು ಇಸಿದುಕೊಳ್ಳುತ್ತಿದ್ದೆ. ಚೀಲದಲ್ಲಿ ಸೊಪ್ಪಿನ ಜೊತೆ ಮೊದಲು ಅವರೆಕಾಯಿ ಬಂತು, ಆಮೇಲೆ ಹುರಿದ ಕಡಲೆಕಾಯಿ, ಆಮೇಲೆ ಒಂದು ಡಬ್ಬಿ ತುಪ್ಪ. "ಸುಜಾತಂಗೆ" ಎಂದು ಅಣ್ಣನ ಮಗಳ ಕೈಯಲ್ಲಿ ಚೀಟಿ ಬರೆಸಿದ್ದಳು ಅವ್ವ. ಸುಜಾತ ಆ ಚೀಟಿಯನ್ನು ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಂಡಳು. ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ಅವ್ವ ಬಾಗಿಲಲ್ಲೇ, "ಬಾರವ್ವ ಒಳೀಕೆ, ಅದ್ಯಾಕೆ ಅಲ್ಲೇ ನಿಂತ್ಕತೀಯ" ಎಂದಳು. ಏಳು ವರ್ಷವೂ ಇವಳೇ ಬೇಡವೆಂದು ಹೊರಗೆ ನಿಂತಿದ್ದಳೇನೋ ಎನ್ನುವ ಹಾಗೆ. ಸುಜಾತ ಒಳಗೆ ಹೋಗಿ ಒಲೆಯ ಪಕ್ಕ ಕೂತು ಊಟ ಮಾಡಿದಳು.

ಬೋರ್ ನೀರು ಪರೀಕ್ಷೆ ಮಾಡಬೇಕಿತ್ತು, ಊರೂರಿನದು. ಅದಕ್ಕೆ ನಮ್ಮ ಬಸ್ಸಿನವರೇ ಸಹಾಯ ಮಾಡಿದರು. ಚನ್ನರಾಯಪಟ್ಟಣದ ಕಡೆ ಹೋಗುವವರು, ರಾಮನಾಥಪುರದ ಕಡೆ ಹೋಗುವವರು, ಎಲ್ಲರ ಕೈಗೂ ಅವಳು ತೊಳೆದ ಬಾಟಲಿ ಕೊಟ್ಟಿದ್ದಳು. ಊರಿನ ಹೆಸರು ಬರೆದು ಅಂಟಿಸಿ ತಂದುಕೊಡುತ್ತಿದ್ದರು. ಒಂದು ದಿನ ದೊಡ್ಡಗದ್ದವಳ್ಳಿಯ ಬಾಟಲಿ ಅರ್ಧ ಖಾಲಿಯಾಗಿ ಬಂತು. ವಿಚಾರಿಸಿದರೆ ರಂಗಣ್ಣನೇ ಕುಡಿದಿದ್ದ.

"ಬಾಯಾರಿತ್ತು ಕಣಮ್ಮ. ದೇವಸ್ಥಾನದ ಊರಿನ್ ನೀರು, ಏನಾಯ್ತದೆ ಅಂತ ಕುಡ್ದೆ."

"ಪರವಾಗಿಲ್ಲ ರಂಗಣ್ಣ. ಒಂದು ವಾರ ನೀವು ಕತ್ತಲಲ್ಲಿ ಹೊಳೀತೀರಾ ಅಷ್ಟೆ. ಲೈಟ್ ಹಾಕ್ದೇನೇ ಬಸ್ ಓಡಿಸ್ಬೋದು" ಎಂದಳು ಸುಜಾತ.

ಅವನು ಎರಡು ದಿನ ನಿಜವೆಂದೇ ನಂಬಿದ್ದ. ಉಚ್ಚೆ ಹೊಯ್ಯುವಾಗ ಬಗ್ಗಿ ನೋಡಿಕೊಳ್ಳುತ್ತಿದ್ದೆ ಎಂದು ಆಮೇಲೆ ನನ್ನೊಬ್ಬನ ಹತ್ತಿರ ಹೇಳಿದ.

ಬೇಸಿಗೆಯ ಮೊದಲಿಗೆ ಮೈಸೂರಿನ ಒಂದು ಲ್ಯಾಬಿಗೆ ಹೋಗಿ ಜೀವಕೋಶದ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದಳು. ಫೋನಿನಲ್ಲಿ ಚಿತ್ರವಿತ್ತು, ಕಪ್ಪಿನ ಮೇಲೆ ಹಸಿರು ಹಸಿರು ಗುಂಡು. ಅವ್ವನಿಗೆ ತೋರಿಸಿದಳು. "ಮಿಣುಕುಳ ಬಿಟ್ಟಂಗವೆ" ಎಂದಳು ಅವ್ವ. ಮೇಡಂ ಸಂಶೋಧನಾ ಲೇಖನವೊಂದನ್ನು ಬರೆಸಿ ಪತ್ರಿಕೆಗೆ ಕಳಿಸಿದರು. ಐದು ಅಧ್ಯಾಯದ ಪ್ರಬಂಧದಲ್ಲಿ ನಾಲ್ಕು ಮುಗಿದ ಹಾಗಾಯಿತು ಎಂದು ಸುಜಾತ ಲೆಕ್ಕ ಹಾಕಿದಳು.

ಯುಗಾದಿಯಾದ ಮೇಲೆ ಅರಕಲಗೂಡಿನಲ್ಲಿರುವ ನನ್ನ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಅವ್ವ ಅಲ್ಲಿಗೆ ಹೋದಳು. ಸೊಪ್ಪು ಕಳಿಸುವುದು ಅತ್ತಿಗೆಯ ಕೆಲಸವಾಯಿತು. ಅತ್ತಿಗೆಗೆ ಹಸು, ಹೊಲ, ಮಕ್ಕಳ ಪರೀಕ್ಷೆ. ಸೊಪ್ಪನ್ನು ನಲ್ಲಿಯ ಕೆಳಗೆ ಜಾಲಿಸಿ ಒಣಗಿಸಿ ಕಳಿಸುತ್ತಿದ್ದರು.

ಆ ಸೊಪ್ಪಿನಲ್ಲಿ ಬೆಳಕು ಬರಲಿಲ್ಲ. ಬಂದದ್ದು ಹಳೆಯ ಮಂಕು ನೀಲಿ.

ಸುಜಾತ ಮೊದಲು ಓವನ್ ಕೆಟ್ಟಿದೆ ಎಂದುಕೊಂಡಳು. ರಿಪೇರಿಯವನನ್ನು ಕರೆಸಿದರು. ಆಮೇಲೆ ನೀರು ಬದಲಾಯಿಸಿದಳು. ಡಬ್ಬಿಯೊಳಗಿನ ಬಟ್ಟಲು ಬದಲಾಯಿಸಿದಳು. ಬೇಸಿಗೆಗೆ ಸೊಪ್ಪು ಬಲಿತಿದೆಯೇನೋ ಎಂದು ಎಳೆಯದನ್ನೇ ಆರಿಸಿ ಬೇಯಿಸಿದಳು. ಹನ್ನೆರಡು ಗಂಟೆ ಬೇಯಿಸಿ ನೋಡಿದಳು, ಆರು ಗಂಟೆ ಬೇಯಿಸಿ ನೋಡಿದಳು. ಕಾಲೇಜಿನ ಪಾಠ ಮುಗಿಸಿ ಬಸ್ಸಿನಲ್ಲಿ ಹಾಸನಕ್ಕೆ ಬಂದು ಲ್ಯಾಬಿಗೆ ಹೋಗಿ, ಮನೆಗೆ ಬರುವಾಗ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಕೇಳುವುದನ್ನು ಬಿಟ್ಟೆ.

ಒಂದು ಬೆಳಿಗ್ಗೆ ನನ್ನ ಡಬ್ಬಿಗೆ ಚಪಾತಿ ಹಾಕುತ್ತ ಕೇಳಿದಳು.

"ರೀ, ಅವ್ವ ಸೊಪ್ಪಿಗೆ ಏನಾದ್ರೂ ಮಾಡ್ತಿದ್ರಾ? ಅತ್ತಿಗೆ ಮಾಡ್ದೇ ಇರೋದು?"

ಅವಳು ಕೇಳಿದ ಕ್ಷಣದಲ್ಲೇ ನನಗೆ ಹಿತ್ತಲ ತೊಟ್ಟಿಯ ಹಳದಿ ನೀರು ಕಣ್ಣೆದುರು ಬಂತು.

"ತೊಳೀತಾಳೆ, ಒಣಗಾಕ್ತಾಳೆ. ಅಷ್ಟೆಯ" ಎಂದೆ.

ಯಾಕೆ ಹಾಗೆ ಹೇಳಿದೆನೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಅರಿಶಿನದಿಂದ ಏನಾಗುತ್ತದೆ ಎಂದು ನನಗೆ ಪೂರ್ತಿ ತಿಳಿದಿರಲಿಲ್ಲ. ಆದರೆ ಏನೋ ಆಗಿದೆ ಎಂದು ತಿಳಿಯಿತು. ಲೇಖನ ಹೋಗಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ನಮ್ಮ ಮನೆಯ ಒಲೆಯ ಪಕ್ಕ ಕೂತು ಉಣ್ಣತೊಡಗಿ ಕೆಲವೇ ತಿಂಗಳಾಗಿತ್ತು. ಅವಳ ಕೈಗೆ ಬರುವ ಸೊಪ್ಪಿಗೆ ಅವ್ವ, ಮೈಲಿಗೆ ಕಳೆಯುವವರ ಹಾಗೆ, ಅರಿಶಿನದ ನೀರು ಹಾಕಿ ಕೊಡುತ್ತಾಳೆ ಎಂಬ ಮಾತು ಅವಳ ಕಿವಿಯಲ್ಲಿ ಹೇಗೆ ಕೇಳಿಸುತ್ತದೋ ಎಂದು ಹೆದರಿದೆ. ಜಗಲಿಯಲ್ಲಿ ಬೋರಲು ಇಟ್ಟ ಲೋಟವನ್ನು ಅಷ್ಟು ವರ್ಷ ನೋಡಿದವನು ನಾನು. ಅವ್ವ ಬಂದ ಮೇಲೆ ತಾನಾಗಿಯೇ ಸರಿಹೋಗುತ್ತದೆ, ಬೆಳಕು ಮತ್ತೆ ಬರುತ್ತದೆ, ಇದನ್ನು ಯಾರೂ ಕೇಳುವುದಿಲ್ಲ ಎಂದುಕೊಂಡೆ. ಡಬ್ಬಿ ತಗೊಂಡು ಡ್ಯೂಟಿಗೆ ಹೋದೆ.

ಅವಳು ಇನ್ನೂ ಎರಡು ತಿಂಗಳು ಓವನ್ ಜೊತೆ ಗುದ್ದಾಡಿದಳು.

ಮುಂಗಾರು ಹಿಡಿದ ಮೇಲೆ ಅವ್ವ ಊರಿಗೆ ಮರಳಿದಳು. ಒಂದು ಶುಕ್ರವಾರ ನಾನು, ಸುಜಾತ ಇಬ್ಬರೂ ಹೋದೆವು. ಅಣ್ಣನ ಮಗಳು ಬೆಳಕು ತೋರಿಸು ಚಿಕ್ಕಮ್ಮ ಎಂದು ಎಷ್ಟೋ ದಿನದಿಂದ ಕೇಳುತ್ತಿದ್ದಳೆಂದು, ಸುಜಾತ ಹಳೆಯ ಹಸಿರು ನೀರಿನ ಸೀಸೆ, ಪೆಟ್ಟಿಗೆ, ಟಾರ್ಚು ತಂದಿದ್ದಳು. ನಡುಮನೆಯಲ್ಲಿ ಹುಡುಗಿ ನೋಡಿದಳು, ಅತ್ತಿಗೆ ನೋಡಿದರು. ಅವ್ವ ಹೊಸಿಲು ಬಳಿಯುವುದನ್ನು ಮುಗಿಸಿ ಕೈ ಒರೆಸಿಕೊಂಡು ಬಂದಳು.

"ತತ್ತಾ, ನಾನೂ ನೋಡಾನ. ನಾನ್ ಕೊಟ್ ಸೊಪ್ಪೇ ಅಲ್ವ."

ಕಪ್ಪು ಬಟ್ಟೆಯೊಳಗೆ ಮುಖ ಹಾಕಿ, ಸೀಸೆಯನ್ನು ಎತ್ತಿ ನೋಡಲು ಕೈಯನ್ನೂ ಒಳಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು.

"ಅಯ್ಯ, ನನ್ ಬೆರ್ಳಿಗೂ ಅಂಟ್ಕತಲ್ಲವ್ವ ನಿನ್ ಬೆಳಕು."

ಸುಜಾತ ಬಗ್ಗಿ ಬಟ್ಟೆ ಸರಿಸಿ ನೋಡಿದಳು. ನಾನೂ ನೋಡಿದೆ. ಅವ್ವನ ಬೆರಳ ತುದಿ, ಉಗುರಿನ ಸಂದು, ಎಲ್ಲ ಹೊಳೆಯುತ್ತಿತ್ತು. ಸೀಸೆಯಲ್ಲಿದ್ದ ಬಣ್ಣವೇ.

"ಅವ್ವ, ಕೈಯಲ್ಲಿ ಏನ್ ಮುಟ್ಟಿದ್ರಿ?"

"ಹೊಸ್ಲಿಗೆ ಅರಿಶ್ನ ಬಳುದ್ನಲ್ಲ."

"ಸೊಪ್ಪಿಗೂ ಅರಿಶಿನ ಹಾಕ್ತಿದ್ರಾ?"

"ಹಾಕ್ದೆ ಇರ್ತಾರಾ? ಕಾಲ್ವೆ ಸೊಪ್ಪು, ಹುಳ ಹುಪ್ಪಟೆ ಇರ್ತವೆ."

ಸುಜಾತ ಟಾರ್ಚು ಆರಿಸಿದಳು. ಆಮೇಲೆ ಕೇಳಿದ ಮಾತನ್ನು ಬಹಳ ಮೆಲ್ಲಗೆ ಕೇಳಿದಳು.

"ಎಲ್ಲರಿಗೂ ಹಂಗೇ ಮಾಡ್ತೀರಾ ಅವ್ವ? ಇಲ್ಲ ನನಗೆ ಕೊಡೋದಕ್ಕೆ ಮಾತ್ರನಾ?"

ಅವ್ವನಿಗೆ ಆ ಪ್ರಶ್ನೆ ಬೇರೆ ರೀತಿಯಲ್ಲಿ ಅರ್ಥವಾಯಿತು. ಉಪಚಾರದ ಮಾತೆಂದುಕೊಂಡಳು. ಅವಳ ಮುಖ ಅರಳಿತು.

"ಎಲ್ರಿಗೂವೆ ಕಣವ್ವ, ನಾವ್ ಉಣ್ಣೋದ್ಕೂ ಅಂಗೇಯ. ನಿಂಗೆ ಅಂತ ಒಂದ್ ಚಮ್ಚ ಜಾಸ್ತೀನೇ ಹಾಕ್ತಿದ್ದೆ."

ಬಸ್ಸಿನಲ್ಲಿ ಬರುವಾಗ ಸುಜಾತ ಹೇಳಿದಳು. ಅರಿಶಿನ ತಾನಾಗಿಯೇ ಹೊಳೆಯುವ ವಸ್ತು. ಬೇಯಿಸಿದರೂ ಹೊಳಪು ಪೂರ್ತಿ ಹೋಗುವುದಿಲ್ಲ. ಕಬ್ಬಿಣ ಸೇರಿದರೆ ಅದೂ ಕುಂದುತ್ತದೆ, ಜೀವಕೋಶದೊಳಗೆ ಅದೂ ಹೋಗುತ್ತದೆ. ತಾನು ಇಷ್ಟು ದಿನ ಅಳೆದದ್ದು ಹೊನಗೊನ್ನೆಯನ್ನಲ್ಲ. ಇಷ್ಟನ್ನು ಪಾಠ ಹೇಳುವ ದನಿಯಲ್ಲಿ ಹೇಳಿದಳು. "ಮೂರು ಸಲ ಶುದ್ಧ ನೀರಲ್ಲಿ ತೊಳೆದು ಅಂತ ಲೇಖನದಲ್ಲಿ ಬರ್ದಿದೀನಿ ರೀ" ಎಂದಳು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ.

ಮರುದಿನ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳಂತೆ. ಮೇಡಂ ಕೆಟ್ಟವರಲ್ಲ. ಅವಳ ಅವಧಿ ಮುಗಿಯುತ್ತದೆ ಎಂಬ ಆತಂಕ ಅವರಿಗೂ ಇತ್ತು. ಅರಿಶಿನವೂ ಗಿಡವೇ ಅಲ್ಲವೇ, ಎರಡರ ಮಿಶ್ರಣ ಎಂದು ಹೆಸರು ತಿದ್ದಿ ಬರಿ ಎಂದರಂತೆ.

"ಅರಿಶಿನ ಎಷ್ಟು ಗ್ರಾಮ್ ಅಂತ ಬರೀಲಿ ಮೇಡಂ? ನಮ್ಮತ್ತೆ ಚಮಚ ಅಂತನಾ?" ಎಂದು ಇವಳು ಕೇಳಿದಳಂತೆ. ಅದನ್ನು ನನಗೆ ಹೇಳುವಾಗ ಸ್ವಲ್ಪ ನಕ್ಕಳು. ಆ ವಾರವೇ ಲೇಖನ ವಾಪಸು ಪಡೆಯುತ್ತೇವೆಂದು ಪತ್ರಿಕೆಗೆ ಬರೆದಳು. ನಾಲ್ಕು ಅಧ್ಯಾಯದಲ್ಲಿ ಮೂರು ಹೋದವು. ಅವಧಿಗೆ ಉಳಿದದ್ದು ಐದು ತಿಂಗಳು.

ಮತ್ತೆ ಮೊದಲಿನಿಂದ ಶುರುಮಾಡಿದಳು. ವಿಷಯ ತಿಳಿದು ಅವ್ವ ನೊಂದುಕೊಂಡಿದ್ದಳು. ಕಾಲುವೆ ಹತ್ತಿರ ಹೋದಾಗ ಕೈ ಹಿಂದೆ ಕಟ್ಟಿ ದೂರ ನಿಂತು, "ನಾನ್ ಮುಟ್ಟಕಿಲ್ಲ ಕಣವ್ವ, ನೀನೇ ಕಿತ್ಕೊ" ಎಂದಳು. "ಕೀಳೋದ್ ನೀವೇ ಕೀಳಿ ಅವ್ವ, ನನಗೆ ಕಳೆ ಯಾವ್ದು ಸೊಪ್ಪ್ಯಾವ್ದು ಗೊತ್ತಾಗಲ್ಲ. ತೊಳೆಯೋದ್ ಮಾತ್ರ ನನಗೆ ಬಿಡಿ" ಎಂದು ಇವಳು ಅವ್ವನ ಕೈಹಿಡಿದು ಏರಿ ಇಳಿಸಿದಳು. ಮಳೆಯಲ್ಲಿ ಇಬ್ಬರೂ ಒಂದೇ ಗೋಣಿಚೀಲ ಹೊದ್ದು ಕಿತ್ತರು. ಶುದ್ಧ ನೀರಿನ ಕ್ಯಾನನ್ನು ಹಾಸನದಿಂದ ನಾನು ಹೊತ್ತು ತಂದಿದ್ದೆ.

ಹೊನಗೊನ್ನೆಯ ನಿಜವಾದ ಬೆಳಕು ಬಡಕಲು. ಊದುಬತ್ತಿಯ ಹೊಗೆಯಂಥ ನೀಲಿ. ನನ್ನ ಟಾರ್ಚಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ, ಲ್ಯಾಬಿನ ಯಂತ್ರದಲ್ಲೇ ನೋಡಬೇಕು. ಆದರೆ ಕಬ್ಬಿಣಕ್ಕೆ ಅದೂ ಕುಂದುತ್ತಿತ್ತು, ಪ್ರತಿ ಸಲವೂ ಅಷ್ಟೇ ಕುಂದುತ್ತಿತ್ತು. "ಇದು ನಂಬೋ ಬೆಳಕು" ಎಂದಳು. ಊರೂರಿನ ನೀರಿನ ಬಾಟಲಿಗಳನ್ನು ಮತ್ತೆ ತರಿಸತೊಡಗಿದಳು. ತುಂಬ ಸೊರಗಿದ್ದಳು. ಊಟದ ಮುಂದೆ ಕೂತೇ ತೂಕಡಿಸುತ್ತಿದ್ದಳು.

ನನಗೆ ನುಂಗಲೂ ಆಗದೆ ಉಗುಳಲೂ ಆಗದೆ ಇತ್ತು. ಆಷಾಢದ ಒಂದು ಭಾನುವಾರ ಮಧ್ಯಾಹ್ನ ಅವಳು ಅಡುಗೆಮನೆಯ ನೆಲದಲ್ಲಿ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಚೀಟಿ ಅಂಟಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿದೆ.

"ಅವ್ವ ಅರಿಶಿನ ಹಾಕ್ತಿದ್ದಿದ್ದು ನಂಗೆ ಗೊತ್ತಿತ್ತು."

ಅವಳು ತಲೆ ಎತ್ತಿದಳು.

"ಯಾವಾಗಿಂದ?"

"ಮೊದ್ಲೇ ನೋಡಿದ್ದೆ. ಆಗ ಹೊಳೀಲಿಲ್ಲ. ನೀನು ಆವತ್ತು ಬೆಳಿಗ್ಗೆ ಕೇಳ್ದಲ್ಲ, ಆಗ ನೆನಪಾಯ್ತು."

"ನೆನಪಾಗಿ, ಅಷ್ಟೆಯ ಅಂದ್ರಿ."

"ಹೂಂ."

ಅವಳು ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಅದರ ಮೇಲೆ ರಾಮನಾಥಪುರ ಎಂದು ಅರ್ಧ ಬರೆದಿತ್ತು. ಉಳಿದದ್ದನ್ನು ಬರೆದು ಬಾಟಲಿಗೆ ಅಂಟಿಸಿ, ಬೆರಳಿನಿಂದ ಒತ್ತಿದಳು. ಯಾಕೆ ಎಂದು ಕೇಳುತ್ತಾಳೆ ಎಂದು ಕಾದೆ. ಕೇಳಿದ್ದರೆ ಜಗಲಿಯ ಲೋಟದ ವಿಷಯ, ನನ್ನ ಹೆದರಿಕೆ, ಎಲ್ಲ ಹೇಳುತ್ತಿದ್ದೆನೋ ಏನೋ.

"ಇದು ಮುಗೀಲಿ ರೀ. ಆಮೇಲೆ ಕೂತು ಮಾತಾಡೋಣ. ಈಗ ನನ್ ಕೈಲಿ ಆಗಲ್ಲ" ಎಂದಳು.

ಅಷ್ಟೇ. ಮುನಿಸಿಕೊಳ್ಳಲಿಲ್ಲ. ಮಾರನೇ ದಿನ ಎಂದಿನ ಹಾಗೆ ನನ್ನ ಡಬ್ಬಿ ಕಟ್ಟಿದಳು. ಹಾಲಿನವನಿಗೆ ಎಷ್ಟು ಹೇಳಬೇಕು, ಗ್ಯಾಸ್ ಯಾವಾಗ ಬರುತ್ತದೆ, ಎಲ್ಲ ಮಾತಾಡಿದಳು. ಅದೊಂದನ್ನು ಮಾತ್ರ ಆಡಲಿಲ್ಲ. ಕೆಲವು ಸಲ ನನ್ನನ್ನು ನೋಡುತ್ತಿದ್ದಾಳೆ ಎನ್ನಿಸಿ ತಿರುಗಿದರೆ ಪುಸ್ತಕದಲ್ಲಿ ಕಣ್ಣಿಟ್ಟಿರುತ್ತಿದ್ದಳು. ಮುಗಿಯಲಿ, ಆಮೇಲೆ ಹೇಳುತ್ತಾಳೆ ಎಂದು ನಾನು ದಿನ ತಳ್ಳಿದೆ.

ಎರಡು ವಾರ ಕಳೆದು ಅವಳಿಗೆ ಜ್ವರ ಬಂತು. ಮಳೆಗೆ ನೆನೆದದ್ದೆಂದುಕೊಂಡು ಎರಡು ದಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದಳು. ಮೂರನೇ ದಿನ ಏಳಲಾಗಲಿಲ್ಲ. ಡೆಂಗಿ ಎಂದರು. ಆಸ್ಪತ್ರೆಗೆ ಸೇರಿಸಿದೆ. ಬಾಟಲಿಗಳನ್ನು ಬಿಸಿಲಿಗೆ ಇಡಬೇಡಿ ಎಂದು ಒಮ್ಮೆ ಹೇಳಿದಳು. ಅವಳ ಅಪ್ಪ ಅಮ್ಮ ಬಂದರು. ಅವ್ವ ಪರಂಗಿ ಎಲೆಯ ರಸ ಹಿಂಡಿಕೊಂಡು ಬಂದು, ಡಾಕ್ಟರು ಬೇಡವೆಂದದ್ದಕ್ಕೆ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಐದನೇ ದಿನ ಸುಜಾತ ಎಚ್ಚರವಾಗಿದ್ದಾಗ ನಾನೊಬ್ಬನೇ ಪಕ್ಕದಲ್ಲಿದ್ದೆ. ಕೇಳೋಣ ಎನ್ನಿಸಿತು. ಜ್ವರದಲ್ಲಿರುವವಳನ್ನು ಏನು ಕೇಳುವುದೆಂದು ನೀರು ಕುಡಿಸಿದೆ. ಆರನೇ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಅವಳಿಗೆ ಮೂವತ್ತಾರು.

ಹೊಳೆನರಸೀಪುರದಲ್ಲಿ ಅವರ ರೀತಿಯಲ್ಲೇ ಎಲ್ಲ ಮಾಡಿದರು. ಅವ್ವ ಅವರ ನಡುಮನೆಯ ನೆಲದಲ್ಲಿ ಸುಜಾತನ ತಾಯಿಯ ಪಕ್ಕ ಕೂತಿದ್ದಳು, ಅವರು ಕೊಟ್ಟ ಕಾಫಿ ಕುಡಿದಳು. ಅದನ್ನು ನೋಡಬೇಕಾದವಳು ಇರಲಿಲ್ಲ. ಊರಿಗೆ ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, "ನಾನ್ ಅರಿಶ್ನ ಹಾಕುದ್ಕೆ ಏನಾರ ಅಂತಿದ್ಲೇನ್ಲಾ?" ಎಂದು ಕೇಳಿದಳು.

"ಇಲ್ಲ ಕಣವ್ವ. ನಿನ್ ಬಗ್ಗೆ ಏನೂ ಅನ್ನಲಿಲ್ಲ."

ಅದು ನಿಜವೇ. ಅವ್ವ ಈಗ ಕಾಲುವೆ ಸೊಪ್ಪು ಕೀಳುವುದನ್ನು ಬಿಟ್ಟಿದ್ದಾಳೆ ಎಂದು ಅತ್ತಿಗೆ ಹೇಳಿದರು.

ಮೇಡಂ ತಿಂಗಳಾದ ಮೇಲೆ ಮನೆಗೆ ಬಂದು ಅವಳ ನೋಟ್‌ಬುಕ್ಕುಗಳನ್ನು ಕೊಟ್ಟರು. ಎಲ್ಲ ಇಂಗ್ಲಿಷಿನಲ್ಲಿದೆ. ಒಂದು ಪುಟವನ್ನು ಅವರೇ ಓದಿ ಹೇಳಿದರು. ತೊಳೆದ ನೀರಿನಲ್ಲಿ ಅರಿಶಿನವಿತ್ತು, ಹಿಂದಿನ ಫಲಿತಾಂಶಗಳನ್ನೆಲ್ಲ ಬಿಡಬೇಕು, ತಪ್ಪು ನನ್ನದು, ಹೋಗಿ ಕಣ್ಣಾರೆ ನೋಡಬೇಕಿತ್ತು ಎಂದು ಬರೆದಿದ್ದಾಳೆ. ನಾನು ಅರಿಶಿನದ ವಿಷಯ ಅವಳಿಗೆ ಹೇಳಿದ ಭಾನುವಾರದ ಮಾರನೇ ದಿನದ ಪುಟ ಯಾವುದೆಂದು ಕೇಳಿ, ಅದರಲ್ಲೇನಿದೆ ಎಂದು ಕೇಳಿದೆ. ಸೊಪ್ಪಿನ ತೂಕ, ನೀರಿನ ಅಳತೆ, ಓವನ್ನಿನ ಶಾಖ. ಅದರ ನಂತರದ ಪುಟಗಳಲ್ಲೂ ಅಷ್ಟೇ.

ಮೇಡಂ ಹತ್ತಿರ ಸೇರಿರುವ ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಆ ಕೆಲಸವನ್ನು ಮುಂದುವರಿಸುತ್ತಾಳಂತೆ. ಲೇಖನವಾದರೆ ಸುಜಾತನ ಹೆಸರು ಮೊದಲು ಇರುತ್ತದೆ, ನಿಮ್ಮ ಒಪ್ಪಿಗೆ ಬೇಕು ಎಂದರು. ಒಪ್ಪಿದೆ. ಆ ಹುಡುಗಿ ಬಂದು ಬಾಟಲಿಗಳನ್ನು ತಗೊಂಡು ಹೋದಳು. ಸೊಪ್ಪು ಹೇಗೆ ತೊಳೆಯಬೇಕು ಎಂದು ಕೇಳಿದಳು, ನನಗೆ ಗೊತ್ತಿರುವುದನ್ನೆಲ್ಲ ಹೇಳಿದೆ. ಕೆಲಸ ನಿಲ್ಲುವುದಿಲ್ಲ, ಮುಗಿಯುತ್ತದೆ.

ಆಮೇಲೆ ಕೂತು ಮಾತಾಡೋಣ ಎಂದಿದ್ದಳು. ಆ ಮಾತು ಆಗಲಿಲ್ಲ. ಅವಳು ನನಗೆ ಏನು ಹೇಳಬೇಕೆಂದಿದ್ದಳೋ ಗೊತ್ತಿಲ್ಲ.